ನಿಂಗಜ್ಜಿಯ ಸ್ಟೂಲು

ಇವತ್ತು ಪೀಣ್ಯದ ಬಸ್ಸಿನಲ್ಲಿ ಯಾರೋ ನಶ್ಯದ ಡಬ್ಬಿ ತೆರೆದರು. ಆ ಘಾಟಿಗೆ ಮೈ ಜುಮ್ಮೆಂದಿತು.

ನಾನು ಚಿಕ್ಕವಳಿದ್ದಾಗ ಒಂದು ವರ್ಷ ಅಪ್ಪನ ಫ್ಯಾಕ್ಟರಿಯ ಫುಟ್‌ಬಾಲ್ ತಂಡ ದೇಶದ ನಾಕೌಟ್ ಕಪ್ಪಿನಲ್ಲಿ ಒಂದೊಂದೇ ಸುತ್ತು ಗೆಲ್ಲುತ್ತಿತ್ತು. ಮೊದಲ ಪಂದ್ಯಕ್ಕೆ ಕೂತ ಜಾಗದಲ್ಲೇ ಕೂತು ಎಲ್ಲರೂ ಪ್ರತಿ ಸಲ ರೇಡಿಯೊ ಕೇಳಬೇಕೆಂಬುದು ಅಪ್ಪನ ಕಟ್ಟಪ್ಪಣೆ. ಬಾಗಿಲ ಬಳಿಯ ಸ್ಟೂಲು ಪಕ್ಕದ ಮನೆಯ ನಿಂಗಜ್ಜಿಯದು. ಗೋಲಾದಾಗಲೆಲ್ಲ ನಶ್ಯ ಏರಿಸಿ, "ಒಡ್ದ ಕಣ್ಲಾ!" ಎನ್ನುತ್ತಿದ್ದಳು.

ಫೈನಲ್‌ಗೆ ಮೂರು ದಿನ ಮೊದಲು ಅಜ್ಜಿ ತೀರಿಕೊಂಡಳು.

"ಸ್ಟೂಲ್ ಖಾಲಿ ಬಿಡ್ಬಾರ್ದು ಪುಟ್ಟಿ, ನೀನೇ ಕೂತ್ಕೊ," ಎಂದರು ಅಪ್ಪ.

ಕೂತೆ. ಸ್ಟೂಲು ಬೆಚ್ಚಗಿತ್ತು. ಆಟ ಮುಗಿಯುತ್ತಾ ಬಂದಾಗ ನನ್ನ ಬಾಯಿಂದ "ಒಡ್ದ ಕಣ್ಲಾ!" ಎಂಬ ಕೂಗು ಹೊರಟಿತು, ಅಜ್ಜಿಯ ಒಡಕು ದನಿಯಲ್ಲಿ. ರೇಡಿಯೊದವನು ಗೋಲ್ ಎಂದದ್ದು ಅದಾದ ಮೇಲೆ.

ಕಪ್ ಗೆದ್ದೆವು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಇವತ್ತಿಗೂ ನಾನು ಮ್ಯಾಚನ್ನು ನಿಂತೇ ನೋಡುತ್ತೇನೆ.