ಕೊನೆಯ ಹಾಳೆ ತೆರೆಯುವ ಒವದ್ಯ

ಜೆರುಸಲೇಮಿನ ಹಳೆಯ ಓಣಿಯೊಂದರ ನೆಲಮಾಳಿಗೆ. ಬೆಳಗಿನ ಪ್ರಾರ್ಥನೆ ಮುಗಿಸಿ ಬಂದ ಒವದ್ಯ ಜಾಕೆನ್ ಮೊದಲ ಚೀಲದ ಬಾಯಿ ಬಿಚ್ಚುತ್ತಾರೆ. ಹರಿದ ಪ್ರಾರ್ಥನಾ ಪುಸ್ತಕವೊಂದು ಕೈಗೆ ಬರುತ್ತದೆ. ಅದಕ್ಕೆ ಮುತ್ತಿಟ್ಟು, ನೇರ ಕೊನೆಯ ಹಾಳೆ ತೆರೆಯುತ್ತಾರೆ. ಖಾಲಿ. ಪುಸ್ತಕ ಪಕ್ಕದ ಪೆಟ್ಟಿಗೆಗೆ ಹೋಗುತ್ತದೆ.

ದೇವರ ಹೆಸರು ಹೊತ್ತ ಹಾಳೆಯನ್ನು ನಮ್ಮ ಯೆಹೂದಿಗಳಲ್ಲಿ ಕಸಕ್ಕೆ ಎಸೆಯುವುದಿಲ್ಲ. ಸವೆದ ಪುಸ್ತಕಕ್ಕೂ ಮನುಷ್ಯನ ಹಾಗೆಯೇ ಮಣ್ಣು. ಅವನ್ನು ತಂದು, ವಿಂಗಡಿಸಿ, ಸ್ಮಶಾನಕ್ಕೆ ಹೋಗುವ ಗುರುವಾರದ ಲಾರಿಗೆ ಹತ್ತಿಸುವುದು ಅರವತ್ತೊಂಬತ್ತರ ಒವದ್ಯರ ಕೆಲಸ. ಇಪ್ಪತ್ತಾರು ವರ್ಷದ ಧೂಳು ಅವರ ಎದೆಯಲ್ಲಿ ಕೆಮ್ಮಾಗಿ ಕೂತಿದೆ. ದಿನಕ್ಕೆ ಆರುನೂರು ಪುಸ್ತಕ ಬಂದರೆ ಕೈಬರಹ ಸಿಗುವುದು ಎರಡರಲ್ಲೋ ಮೂರರಲ್ಲೋ. ಅವು ವಿದ್ವಾಂಸರ ಪಾಲು. ಹುಟ್ಟು, ಸಾವು, ವಲಸೆ ಎಲ್ಲವನ್ನೂ ಹಿಂದಿನವರು ಕೊನೆಯ ಖಾಲಿ ಹಾಳೆಯಲ್ಲೇ ಬರೆದಿಡುತ್ತಿದ್ದರು.

"ಮೊದಮೊದಲು ನಾನೂ ರಟ್ಟು ನೋಡಿ ಕಳಿಸಿಬಿಡ್ತಿದ್ದೆ. ಒಬ್ಬ ಹೆಣ್ಮಗಳು ಬಂದ್ಲು. 'ಅಪ್ಪನ ಅಕ್ಷರ ಇದ್ದಿದ್ದು ಅದೊಂದ್ರಲ್ಲೇ' ಅಂದ್ಲು. ಆಗ್ಲೇ ಮಣ್ಣು ಮುಚ್ಚಿಯಾಗಿತ್ತು. ಹೂತಿದ್ದನ್ನ ಅಗೆಯೋ ಹಾಗಿಲ್ಲವಲ್ಲ."

ಇಂದು ಗುರುವಾರ, ಲಾರಿ ಎಂಟಕ್ಕೆ ಹೊರಡಬೇಕು. ಕುರ್ದಿಸ್ತಾನದ ಬೆಟ್ಟದೂರೊಂದರಿಂದ ಬಂದಿದ್ದ ಅಜ್ಜಿಯೊಬ್ಬರು ತೀರಿಕೊಂಡು, ಅವರ ಮನೆಯ ಪುಸ್ತಕಗಳು ನಾಲ್ಕು ಚೀಲಗಳಲ್ಲಿ ಬಂದಿವೆ. ಪ್ರೊಫೆಸರ್ ತಿರ್ಜಾ ಬೆಳಕು ಹರಿಯುವ ಮೊದಲೇ ಬಂದು ಕೂತಿದ್ದಾರೆ. ಆ ಊರಿನ ಚರಿತ್ರೆ ಬರೆಯಲು ಅವರು ಒಂಬತ್ತು ವರ್ಷ ಸವೆಸಿದ್ದಾರೆ. ಸಿಕ್ಕಿದ ಕಾಗದಗಳಲ್ಲೆಲ್ಲ ಬರೀ ಗಂಡಸರ ಹೆಸರು. ಎರಡು ವರ್ಷದ ಹಿಂದೆ ಒವದ್ಯರ ಕೈಗೆ ಒಂದು ಹಾಳೆ ಸಿಕ್ಕಿತು: ಆ ಊರಿನ ಅಸ್ಮರ್ ಎಂಬ ಸೂಲಗಿತ್ತಿ ಹೇಳಿದ್ದು, ಗಂಡ ಬರೆದದ್ದು; ಅವಳು ಹೆರಿಗೆ ಮಾಡಿಸಿದ ತಾಯಂದಿರ ಪಟ್ಟಿ. ಅಡಿಯಲ್ಲಿ, 'ಉಳಿದವರು ಉಪವಾಸದ ಹಬ್ಬದ ಪುಸ್ತಕದಲ್ಲಿ' ಎಂದಿತ್ತು.

ಹಾರನ್ ಕೂಗುತ್ತದೆ. ಚಾಲಕ ನಿಸ್ಸಿಮ್ ಬಾಗಿಲಲ್ಲಿ ನಿಂತು, "ಯಜಮಾನ್ರೇ, ಸತ್ತೋರೂ ನನ್ನನ್ನ ಇಷ್ಟು ಕಾಯಿಸಿಲ್ಲ" ಎನ್ನುತ್ತಾನೆ.

"ಅವರಿಗೆ ಓದೋಕೆ ಏನೂ ಉಳಿದಿರಲ್ಲ ಮಾರಾಯ. ಕೂತ್ಕೊ, ಚಹಾ ಇದೆ."

"ಹೋದ ವಾರದ್ದೇ ಚಹಾನಾ?"

ಮೂರು ಚೀಲ ಬರಿದಾಗುತ್ತವೆ. ತಿರ್ಜಾ ಮೆಲ್ಲಗೆ, "ನೀವು ಆಗ ನೋಡದೆ ಕಳಿಸಿಬಿಟ್ಟಿದ್ರಲ್ಲೇ ಇತ್ತೋ ಏನೋ, ಒವದ್ಯಣ್ಣ" ಎನ್ನುತ್ತಾರೆ.

"ಇರಬಹುದು ತಾಯಿ. ಆದ್ರೂ ತೆಗೆದು ನೋಡೋಣ."

ನಾಲ್ಕನೆಯ ಚೀಲದ ತಳದಲ್ಲಿ, ಮೇಣದ ಕಲೆಯ ದಪ್ಪ ಪುಸ್ತಕ, ಉಪವಾಸದ ಹಬ್ಬದ್ದು. ಒವದ್ಯ ಕೊನೆಯ ಹಾಳೆ ತೆರೆದು, ಕನ್ನಡಕ ಏರಿಸಿ, ತಿರ್ಜಾರ ಮುಂದೆ ಇಡುತ್ತಾರೆ. ಅಂಚು ಹುಳು ತಿಂದಿದೆ. ಓದಲು ಬರುವ ಹೆಸರುಗಳು ನಲವತ್ತೊಂದು. ತಿರ್ಜಾ ಒಂದೊಂದನ್ನೂ ಗಟ್ಟಿಯಾಗಿ ಓದುತ್ತಾರೆ. ನಿಸ್ಸಿಮ್ ಲೋಟ ಕೆಳಗಿಟ್ಟು, ತಲೆಯ ಟೋಪಿ ಸರಿಮಾಡಿಕೊಂಡು ನಿಂತು ಕೇಳುತ್ತಾನೆ.

ಲಾರಿ ಹೊರಟಾಗ ಎಂಟೂ ಮುಕ್ಕಾಲು. ನಿಮ್ಮದೇನು ಆಸೆ ಎಂದು ಕೇಳಿದರೆ ಒವದ್ಯ ಕೈಯ ಧೂಳು ಕೊಡವುತ್ತಾರೆ.

"ನಾನು ಹೋದ ಮೇಲೆ ನನ್ನ ಪುಸ್ತಕವೂ ಇಲ್ಲಿಗೇ ಬರುತ್ತೆ. ಆವತ್ತು ಇಲ್ಲಿ ಕೂತೋರು ಕೊನೇ ಹಾಳೆ ತೆಗೀಲಿ. ಅದ್ರಲ್ಲಿ ಆ ಹೆಣ್ಮಗಳ ಅಪ್ಪನ ಹೆಸರು ಬರೆದಿಟ್ಟಿದೀನಿ. ಅಷ್ಟಾದ್ರೂ ಮಣ್ಣಿಂದ ಈಚೆ ಉಳೀಲಿ."