ಉಂಗುರವಿಲ್ಲದ ಹೊಳಪು

"ಆ ಮನೇಲಿ ನೀರು ಕೂಡ ಕೈಕಾಲು ತೊಳ್ಕೊಂಡೇ ಒಳಗೆ ಹೋಗ್ಬೇಕು ಕಣ್ರೀ" ಅಂತ ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದರು. ಸುಳ್ಳೇನಲ್ಲ. ಗಾಜಕ್ಕ ತೊಳೆದ ಲೋಟವನ್ನು ಕಿಟಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ ತಲೆಯಾಡಿಸಿದ ಮೇಲೇ ಅದಕ್ಕೆ ನೀರು ಬೀಳುತ್ತಿದ್ದುದು. ಜೊತೆಗಿದ್ದ ತಂಗಿ, ಬಟ್ಟೆ ಹೊಲಿಯುವವಳು, "ಬಿಡೇ ಅಕ್ಕಾ, ಸವೆದು ತೂತು ಬಿದ್ದೀತು" ಅಂತ ರೇಗಿಸುತ್ತಿದ್ದಳು.

ಗಾಜಕ್ಕನ ಕಸುಬೇ ಅದು. ರಸಾಯನಶಾಸ್ತ್ರದ ಪ್ರಯೋಗಾಲಯವೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ಗಾಜಿನ ಪಾತ್ರೆ ತೊಳೆಯುವ ಕೆಲಸ. ನೆಲಮಾಳಿಗೆಯಲ್ಲಿ ಉದ್ದನೆಯ ಕೋಣೆ, ಮೂರು ಕಲ್ಲಿನ ತೊಟ್ಟಿ, ಮೂಲೆಯಲ್ಲೊಂದು ನೇರಳೆ ದೀಪ. ತೊಳೆದದ್ದನ್ನೆಲ್ಲ ಆ ದೀಪದಡಿ ಹಿಡಿಯಬೇಕು. ಹೊಳೆಯುವ ಬಣ್ಣದ ಚೂರು ಉಳಿದಿದ್ದರೂ ಮಿಣಕ್ ಅಂತ ಚಾಡಿ ಹೇಳುತ್ತದೆ. ಹೇಳಿತೋ, ಮತ್ತೆ ತೊಟ್ಟಿಗೆ.

ಒಂದು ಮಧ್ಯಾಹ್ನ ಮೇಲಿನ ಮಹಡಿಯ ಮೇಡಂ, ಉದ್ದ ಸರಪಳಿಯಂಥ ಅಣುಗಳ ಪಾಲಿಮರ್ ಮಾಡುವವರು, ಫ್ಲಾಸ್ಕ್ ಹಿಡಿದು ದಡದಡ ಇಳಿದು ಬಂದರು. ತಳದಲ್ಲಿ ಅವರು ಮಾಡಿದ ಜೇನಿನಂಥ ಅಂಟು. ದೀಪದಡಿ ಇಟ್ಟರೆ ನೀಲಿಯಾಗಿ ಹೊಳೆಯಿತು.

"ನೋಡಿ ಗಾಜಕ್ಕ, ಕೊಳೆ ಪಾತ್ರೆ ಕಳಿಸಿದ್ದೀರಲ್ಲ!"

"ನಾನಾ? ಕೊಳೇನಾ?"

"ಮತ್ತಿನ್ನೇನು? ಹೊಳೀಬೇಕಾದ್ರೆ ಅಣುವಿನಲ್ಲಿ ಉಂಗುರ ಇರ್ಬೇಕು, ಬೆಂಜೀನ್ ಥರದ್ದು. ಈ ಅಂಟಿನದು ಬರೀ ಉದ್ದ ಸರಪಳಿ. ಯಾರದೋ ಬಣ್ಣ ನಿಮ್ಮ ಪಾತ್ರೇಲಿ ಉಳಿದಿದೆ."

"ಉಂಗುರ ನಾನೂ ಹಾಕಲ್ಲ ಮೇಡಂ, ಗಾಜಿಗೆ ಗೀರು ಬೀಳುತ್ತೆ ಅಂತ."

ಮೇಡಂ ನಗಲಿಲ್ಲ. ಮೂರು ತಿಂಗಳ ಕೆಲಸ ಹಾಳಾಯಿತು, ನಾಳೆ ಮೇಲಿನವರಿಗೆ ಬರೆದು ಕೊಡುತ್ತೇನೆ ಅಂದು ಹೊರಟುಹೋದರು. ಬರೆದು ಕೊಟ್ಟರೆ ಕೆಲಸ ಹೋದಂತೆಯೇ. ಗಾಜಕ್ಕನಿಗೆ ಅದಕ್ಕಿಂತ ಚುಚ್ಚಿದ್ದು 'ಕೊಳೆ' ಅನ್ನುವ ಮಾತು.

ಸಿಟ್ಟಿನಲ್ಲೇ ಫ್ಲಾಸ್ಕಿಗೆ ನೀರು ಹೊಯ್ದಳು. ಮೊದಲ ನೀರು ದೀಪದಡಿ ಹೊಳೆಯಿತು. ಎರಡನೆಯದು ಮಂಕು. ಮೂರನೆಯದರಲ್ಲಿ ಏನೂ ಇಲ್ಲ. ಕೈ ನಿಂತಿತು. ಅವಳು ಕಂಡ ಬಣ್ಣಗಳು ಹತ್ತು ನೀರಾದರೂ ಹಠ ಬಿಡುತ್ತಿರಲಿಲ್ಲ. ಇದೇಕೆ ಇಷ್ಟು ಬೇಗ ಬಾಯಿ ಮುಚ್ಚಿಕೊಂಡಿತು? ಆ ಮೂರನೇ ನೀರನ್ನು ಚೆಲ್ಲದೆ ಪಾತ್ರೆ ಒಣಗಿಸುವ ಓವನ್ನಿಗಿಟ್ಟಳು. ನೀರು ಆರಿ ತಳದಲ್ಲಿ ತೆಳ್ಳಗೆ ಪೊರೆ ಕಟ್ಟಿತು. ದೀಪದಡಿ ಹಿಡಿದಳು. ನೀಲಿ! ನೀರು ಹಾಕಿದಳು, ಹೊಳಪು ಆರಿತು. ಒಣಗಿಸಿದಳು, ಹೊಳೆಯಿತು. ಸಂಜೆ ಬಾಗಿಲು ಹಾಕುವವನು ಬಂದು ಕೂಗುವವರೆಗೂ ಅದೇ ಆಟ.

ಮರುದಿನ ಎರಡು ಪಾತ್ರೆ ಹಿಡಿದು ಮಹಡಿ ಹತ್ತಿ, ಮೇಡಂ ಮೇಜಿನ ನೇರಳೆ ದೀಪದಡಿ ಇಟ್ಟಳು.

"ಇದರಲ್ಲಿ ನಿಜವಾದ ಬಣ್ಣ, ಒಂದೇ ತೊಟ್ಟು. ಇಷ್ಟು ನೀರಲ್ಲೂ ಮಿಣಕ್ ಅಂತಿದೆ ನೋಡಿ. ಇದು ನಿಮ್ಮ ಅಂಟು. ಒಣಗಿ ಗುಂಪಲ್ಲಿದ್ದಾಗ ಹರಟೆ, ನೀರು ಹಾಕಿ ಒಂಟಿ ಮಾಡಿದ್ರೆ ಗಪ್‌ಚುಪ್. ಇದು ಕೊಳೆ ಹೆಂಗಾಗುತ್ತೆ ಹೇಳಿ?"

ಮೇಡಂ ಕುರ್ಚಿ ಎಳೆದು ಕೂತರು. ಬರೆದಿಟ್ಟಿದ್ದ ಕಾಗದ ಹರಿದರು. ಯಾರೂ ಮುಟ್ಟದ ಹೊಸ ಫ್ಲಾಸ್ಕಿನಲ್ಲಿ ಅಂಟನ್ನು ಮತ್ತೆ ಮಾಡಿದರು. ಅದೂ ಹೊಳೆಯಿತು. ಸರಪಳಿಯಲ್ಲಿದ್ದ ಆಕ್ಸಿಜನ್, ನೈಟ್ರೋಜನ್ ಪರಮಾಣುಗಳು ಒತ್ತೊತ್ತಾಗಿ ಕೂತಾಗ ಅವುಗಳ ಎಲೆಕ್ಟ್ರಾನುಗಳು ಒಂದಾಗಿ ಬೆಳಕು ಕೊಡುತ್ತಿದ್ದವು. ದೂರ ಸರಿದರೆ ಕತ್ತಲು. ಅಲ್ಲಿಂದ ಮುಂದೆ ಮೇಡಂ, ಇನ್ನೂ ಬಿಗಿಯಾಗಿ ತಬ್ಬಿಕೊಳ್ಳುವ ಸರಪಳಿಗಳನ್ನು ಬೇಕೆಂದೇ ಹೆಣೆದರು. ಅವು ಇನ್ನೂ ಜೋರಾಗಿ ಹೊಳೆದವು.

ಆದರೆ ಬೇರೆ ಊರಿನ ಪ್ರಯೋಗಾಲಯದವರು ಒಪ್ಪಲಿಲ್ಲ. "ಉಂಗುರವಿಲ್ಲದೆ ಹೊಳಪೇ? ನಿಮ್ಮ ಪಾತ್ರೆ ಕೊಳೆಯಾಗಿರಬೇಕು" ಅಂತ ಬರೆದರು. ಗಾಜಕ್ಕ ಸೆರಗು ಬಿಗಿದು ನಿಂತಳು.

"ಅವರ ಪಾತ್ರೇನೂ ನಾನೇ ತೊಳೀತೀನಿ. ಅಲ್ಲೇ, ಅವರ ಕಣ್ಣೆದುರೇ ಅಂಟು ಮಾಡಿ."

ಇಬ್ಬರೂ ಮೂರು ತಿಂಗಳ ಮಟ್ಟಿಗೆ ಹೋಗುವುದು ಅಂತಾಯಿತು. ಅಲ್ಲಿನವರು ಹೊಳಪು ಕಂಡು ಒಪ್ಪಿಕೊಂಡರು, ಗಾಜಕ್ಕನನ್ನು ಮಾತ್ರ ಬಿಟ್ಟುಕೊಡಲಿಲ್ಲ. ಅಲ್ಲೇ ಉಳಿದಳು, ಅಲ್ಲೇ ಕಣ್ಣು ಮುಚ್ಚಿದಳು. ಹೊರಟ ಬೆಳಿಗ್ಗೆ ಅದೆಲ್ಲ ಯಾರಿಗೆ ಗೊತ್ತಿತ್ತು?

"ಎರಡೇ ಸೀರೆನಾ ಅಕ್ಕಾ? ಚೀಲದ ತುಂಬ ಬ್ರಷ್ಷೇ ಇದೆಯಲ್ಲೇ!" ಅಂತ ತಂಗಿ ರೇಗಿಸಿದಳು.

"ಅಲ್ಲಿ ಎಂಥ ಬ್ರಷ್ ಇದೆಯೋ ಏನೋ" ಅಂದಳು ಗಾಜಕ್ಕ, ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಹೊತ್ತಾಯಿತು ಅಂತ ಬಿರಬಿರನೆ ಬೀದಿಗಿಳಿಯುತ್ತಾ.