ಗಾದೆಪ್ಪನವರ ಜೆಕ್ ಠಾಣೆ

ಮೂವತ್ತು ವರ್ಷ ಪೊಲೀಸ್ ಠಾಣೆಗಳಲ್ಲಿ ರೈಟರ್ ಆಗಿ, ಬಂದವರ ಹೇಳಿಕೆಗಳನ್ನೆಲ್ಲ ಬರೆದು ನಿವೃತ್ತರಾದ ಗಾದೆಪ್ಪನವರಿಗೆ ಈಗ ಕಮ್ಯುನಿಸ್ಟರ ಕಾಲದ ಜೆಕ್ ಪತ್ತೇದಾರಿ ಸಿನಿಮಾಗಳ ಹುಚ್ಚು. ಇಡೀ ಕೂಡ್ಲಿಗಿಯಲ್ಲಿ ಆ ವಿಷಯ ಬಲ್ಲವರು ತಾವೊಬ್ಬರೇ ಎಂಬ ಹೆಮ್ಮೆ ಬೇರೆ. ಭಾಷೆ ಬರದು, ಪರದೆಯ ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಕೂಡಿಸಿ ಓದುವಷ್ಟರಲ್ಲಿ ಇನ್ನೊಂದು ಕೊಲೆ ಆಗಿರುತ್ತದೆ. ಆದರೂ ಮಿರ್ಚಿ ಅಂಗಡಿಯ ಬೆಂಚಿನ ಮೇಲೆ ಮೊಬೈಲ್ ಒರಗಿಸಿಟ್ಟು, "ಆ ಟೊಪ್ಪಿಗಿ ಸಾಹೇಬ್ರನ್ನ ನೋಡ್ರಿ, ಒಂದೇಟೂ ಹೊಡಿಯಂಗಿಲ್ಲ, ಕಳ್ಳ ತಾನಾಗೇ ಒಪ್ಪಿಕೊಂತಾನ. ಸರ್ಕಾರ ಅಂದ್ರ ಹಂಗಿರಬೇಕು" ಎನ್ನುತ್ತಾರೆ. ಅಲ್ಲಿ ಹಿಮ ಬಿದ್ದರೆ ಇಲ್ಲಿ ಏಪ್ರಿಲ್ ಬಿಸಿಲಿನಲ್ಲೇ ಮಫ್ಲರ್ ಸುತ್ತಿಕೊಳ್ಳುತ್ತಾರೆ. ಹೆಣದ ಸುತ್ತ ಸಾಕ್ಷಿಗೆ ಪಂಚರನ್ನು ನಿಲ್ಲಿಸದೆ ಮಹಜರು ಮಾಡಿದ ಪ್ರಾಗ್ ಪೊಲೀಸರ ಮೇಲೆ ಎರಡು ದಿನ ಸಿಡುಕುತ್ತಾರೆ. ಆರೋಪಿ ಹೇಳಿಕೆಗೆ ಸಹಿ ಹಾಕುವ ದೃಶ್ಯ ಬಂದರೆ ಮಾತ್ರ ಚಿತ್ರವನ್ನು ಹಿಂದಕ್ಕೆ ಸರಿಸಿ ಸರಿಸಿ ನೋಡುತ್ತಾರೆ. ಏನು ಹುಡುಕುತ್ತೀರಿ ಎಂದು ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ನಾನು ಒಮ್ಮೆ ಕೇಳಿದೆ. "ಸಹಿಗಿ ಮುಂಚೆ ಅವಂಗ ಓದಿ ಹೇಳ್ಯಾರೋ ಇಲ್ಲೋ ನೋಡಾಕತ್ತೀನ್ರಿ" ಎಂದರು. ಆಮೇಲೆ, ಮೊಬೈಲಿನಿಂದ ಕಣ್ಣು ಕೀಳದೆ, ಮೆಲ್ಲಗೆ ಹೇಳಿದರು: "'ಓದಿ ಹೇಳಲಾಗಿ ಕೇಳಿದೆ, ಸರಿ ಇದೆ' ಅಂತ ನಾನೇ ಬರದು ಎಷ್ಟೋ ಮಂದಿ ಹೆಬ್ಬೆಟ್ಟು ಒತ್ತಿಸೀನಿ. ಓದಿ ಮಾತ್ರ ಒಬ್ಬರಿಗೂ ಹೇಳಿಲ್ರಿ."